ಒಂಬತ್ತು ಸೆಕೆಂಡು

ಹಾಚಿನೋಹೆಯ ಬಂದರಿನಲ್ಲಿ ಸ್ನಾನದಮನೆಗಳು
ಬೆಳಗಿನ ಐದಕ್ಕೇ ಬಾಗಿಲು ತೆರೆಯುತ್ತವೆ.
ರಾತ್ರಿಯೆಲ್ಲ ದೀಪ ಹಚ್ಚಿ ಬೊಂಡಾಸು ಹಿಡಿದವರಿಗೆ
ಮೊದಲು ಬೇಕಾದದ್ದು ಬಿಸಿನೀರು, ಆಮೇಲೆ ಮಾತು.

ನನ್ನ ಪೀಠ ಬಾಗಿಲಲ್ಲೇ, ನಡುಗೋಡೆಯ ತುದಿಗೆ;
ಎಡಗೈಗೆ ಗಂಡಸರ ಚಿಲ್ಲರೆ, ಬಲಗೈಗೆ ಹೆಂಗಸರದು.
ಗೋಡೆ ಸೂರನ್ನು ಮುಟ್ಟುವುದಿಲ್ಲ. ಹಬೆ ದಾಟುತ್ತದೆ,
‘ಹಿಡಿ’ ಅಂದರೆ ಸೋಪೂ ದಾಟುತ್ತದೆ,
ಭಾನುವಾರ ಮಾತ್ರ
ಇಡೀ ಒಂದು ಸಾಮ್ರಾಜ್ಯವೇ ದಾಟುತ್ತದೆ.

ಶನಿವಾರ ನಡುರಾತ್ರಿ ಕಳೆದು ಬರುವ ಆನಿಮೆ.
ಹನ್ನೊಂದು ಸಂಪುಟದ ಕಾದಂಬರಿಯಂತೆ ಅದು:
ಉಪ್ಪು ಬೆಳೆಯುವ ರಾಜ್ಯ, ಮಾತಾಡದ ರಾಣಿ,
ಸತ್ತವರಿಂದ ಕೂಲಿ ಕೇಳದ ಅಂಬಿಗ.
ನಾನು ನೋಡಿಲ್ಲ. ಮೂರಕ್ಕೆದ್ದು ಒಲೆ ಹಚ್ಚುವವಳು.
ಆದರೂ ಯಾರು ಯಾರನ್ನು ಯಾಕೆ ಕೊಂದರೆಂಬುದು
ನೋಡಿದವರಿಗಿಂತ ನನಗೇ ಚೆನ್ನಾಗಿ ಗೊತ್ತು;
ಎರಡೂ ಕಡೆಯ ಸಾಕ್ಷಿ ಕೇಳಿದವಳಲ್ಲವೆ.

‘ಅಂಬಿಗನ ಅಧ್ಯಾಯವನ್ನೇ ನುಂಗಿಬಿಟ್ಟರು!’
ಬಲಗಡೆಯಿಂದ ಚಿಗುಸ, ಹೈಸ್ಕೂಲಿನ ಕೊನೇ ವರ್ಷ.
‘ನಲವತ್ತು ಪುಟ! ಒಂದು ಹುಟ್ಟು ಹಾಕುವಷ್ಟರಲ್ಲಿ ನದಿ ಮುಗೀತು.’
‘ಒಳ್ಳೇದೇ ಆಯ್ತು,’ ಎಡಗಡೆಯಿಂದ ಐಸ್ ಕಾರ್ಖಾನೆಯ ಓಶಿತಾ,
‘ನನಗೆ ಆರಕ್ಕೆ ಪಾಳಿ. ಅವನು ಹುಟ್ಟು ಹಾಕುತ್ತ ಕೂತರೆ
ಯುದ್ಧ ನೋಡೋದು ಯಾವಾಗ?’

‘ಮಾತಾಡದ ರಾಣಿಗೆ ಒಳದನಿ ಬೇರೆ, ಹಿಂದೆ ಪಿಟೀಲು!’
ಇದು ಮೀನುಪೇಟೆಯ ತೊಕಿಎ.
‘ಮೌನ ಅಂದರೆ ಮೌನ. ನನ್ನ ಗಂಡ
ಮೂವತ್ತು ವರ್ಷದಿಂದ ಮಾತಾಡಿಲ್ಲ,
ಒಳಗೆ ಯಾವ ಪಿಟೀಲೂ ಇಲ್ಲ.’
ಗೋಡೆಯಾಚೆ ಒಂದು ಕೆಮ್ಮು.

‘ಮತ್ತೆ ಆ ಕುದುರೆ! ಕುಂಟೋದು ಎಡಗಾಲು, ಪುಸ್ತಕದಲ್ಲಿ.
ಇವರು ಬಲಗಾಲು ಮಾಡಿದಾರೆ.’

ಆಗ ನಕುಯಿ ಅಜ್ಜ ಬಾಯಿ ತೆರೆದ.
ದಿಮ್ಮಿ ಎಳೆಯುವ ಕುದುರೆಗಳ ಜೊತೆ ಅರವತ್ತು ಚಳಿಗಾಲ ಕಳೆದವನು,
ವಾರಕ್ಕೊಂದು ಮಾತಾಡಿದರೆ ಹೆಚ್ಚು.
‘ಕಾಲು ಯಾವುದಾದರೇನು.
ಬೀಳೋ ಮೊದಲು ಒಂದು ಕಿವಿ ಹಿಂದಕ್ಕೆ ತಿರುಗಿತು, ನೋಡಿದಿರಾ?
ಯಾರೋ ಕರೆದರಲ್ಲ, ಅನ್ನೋ ಹಾಗೆ.
ಹಿಂಗಾಲು ಮೊದಲು ಸೋಲುತ್ತೆ. ಕತ್ತು ಕೊನೆಗೆ.
ಆ ಚಿತ್ರ ಬರೆದವರು ಯಾರೋ
ಕುದುರೆ ಸಾಯೋದನ್ನು ನಿಂತು ನೋಡಿದಾರೆ.
ಕಣ್ಣು ಬೇರೆ ಕಡೆ ತಿರುಗಿಸದೆ.’

ಎರಡೂ ಕಡೆ ನೀರಿನ ಸದ್ದಷ್ಟೇ.

ಹೆಂಗಸರ ಕಡೆ, ಮೂಲೆಯಲ್ಲಿ, ಕಾಗಾ ಮನೆಯ ಮಗಳು
ಬಲ ಮಣಿಕಟ್ಟನ್ನು ನೀರಿನಡಿ ಹಿಡಿದಿದ್ದಳು,
ಯಾರದೋ ಕೂಸನ್ನು ಹಿಡಿದ ಹಾಗೆ.
ತೋಕಿಯೊ ಬಿಟ್ಟು ಬಂದು ಮೂರು ತಿಂಗಳು.
ಯಾಕೆಂದು ಯಾರೂ ಕೇಳಲಿಲ್ಲ. ನನಗೊಬ್ಬಳಿಗೆ
ಒಮ್ಮೆ ನಾಣ್ಯ ಎಣಿಸುತ್ತ ಹೇಳಿದ್ದಳು:
ಒಂಬತ್ತು ಸೆಕೆಂಡು, ನೂರೆಂಟು ಹಾಳೆ,
ಐದು ಸಲ ತಿದ್ದಲು ವಾಪಸು ಬಂತು, ಆಮೇಲೆ ಕೈ ಎತ್ತಲಾಗಲಿಲ್ಲ.
‘ಬೀಳುವ ಕುದುರೆ ನನಗೆ ಗೊತ್ತಿದ್ದದ್ದು ಒಂದೇ, ಅತ್ತೆ.
ಶಾಲೆಯ ಇಳಿಜಾರಿನಲ್ಲಿ, ಹಿಮದಲ್ಲಿ. ಆರು ವರ್ಷ ನನಗೆ.’

ಯಾರ ಕುದುರೆಯೆಂದು ಅವಳಿಗೆ ಗೊತ್ತಿಲ್ಲ.
ನನಗೆ ಗೊತ್ತು. ಆ ಸಂಜೆ ನಕುಯಿ
ಬೂಟು ಬಿಚ್ಚದೆ ಒಳಗೆ ಬಂದಿದ್ದ,
ದುಡ್ಡು ಕೊಡುವುದನ್ನು ಮರೆತಿದ್ದ;
ಬಾಕಿ ಪುಸ್ತಕದಲ್ಲಿ ಇನ್ನೂ ಇದೆ.

ಹೇಳಬಹುದಿತ್ತು. ಬರೀ ಒಂದು ಗೋಡೆ, ಅದೂ ಪೂರಾ ಇಲ್ಲದ್ದು.
ಈ ಪೀಠಕ್ಕೆ ಎರಡು ಕಿವಿ, ಬಾಯಿ ಇಲ್ಲ
ಅಂತ ನನ್ನತ್ತೆ ಕಲಿಸಿದ್ದು ನೆನಪಾಗಿ
ಟವೆಲು ಮಡಿಸುತ್ತ ಕೂತೆ.

ಅವಳು ಬಂದು ಕಾಫಿಹಾಲಿನ ಬಾಟಲಿ ತೆಗೆದುಕೊಂಡಳು.
ಮುಚ್ಚಳ ಬಿಚ್ಚಲಾಗಲಿಲ್ಲ. ನಾನು ಬಿಚ್ಚಿಕೊಟ್ಟೆ.
‘ಆ ಹುಡುಗಿ ಹೇಳೋದು ಸರಿ,’ ಅಂದಳು. ‘ಎಡಗಾಲು ಅಂತಲೇ ಇದೆ.’
ಒಂದೇ ಗುಟುಕಿಗೆ ಅರ್ಧ ಕುಡಿದಳು.

ಹೊರಡುವಾಗ ನಕುಯಿ ಗೋಡೆಯತ್ತ ಕೂಗಿದ:
‘ಏ ಹುಡುಗೀ, ಆ ಕುದುರೆ ಮುಂದಿನ ವಾರ ಬರುತ್ತಾ?’
‘ಸತ್ತೋಯ್ತಲ್ಲ ಅಜ್ಜಾ!
ಒಂಬತ್ತನೇ ಸಂಪುಟದಲ್ಲಿ ಒಂದು ಸಲ ಕನಸಲ್ಲಿ ಬರುತ್ತೆ,
ಅದನ್ನೂ ಕತ್ತರಿಸದೇ ಇದ್ದರೆ.’